ಸ್ಪೀಕರೋ ಆಂಪ್ಲಿಫೈಯರೋ: ಮೂರು ತಿಂಗಳ ಜಗ್ಗಾಟ

ನಮ್ಮ ಮನೆಯ ಸ್ಟೀರಿಯೋದಲ್ಲಿ ಮೃದಂಗದ ತೊಪ್ಪಿ, ಅಂದರೆ ಅದರ ಎಡಬದಿಯ ತಗ್ಗಿದ ನಾದ, ಕೇಳಿಸುವುದು ನಿಂತುಹೋಗಿತ್ತು. ಯಾವಾಗ ನಿಂತಿತು ಎಂದು ಕೇಳಿದರೆ ಹೇಳಲಾರೆ. ಕಣ್ಣಿಗೆ ಪೊರೆ ಬಂದ ಹಾಗೆ, ದಿನಕ್ಕೆ ಕೂದಲೆಳೆಯಷ್ಟು ಹೋಗಿರಬೇಕು. ಗೊತ್ತಾದದ್ದು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಪ್ರಸನ್ನ ಸೀತಾರಾಮ ಮಂದಿರದಲ್ಲಿ ಒಂದು ವೀಣಾ ಕಚೇರಿ ಕೇಳಿ ಬಂದ ರಾತ್ರಿ. ಅಲ್ಲಿ ಜಾಗವಿಲ್ಲದೆ ಮೃದಂಗದವರ ಪಕ್ಕಕ್ಕೇ ಕುಳಿತಿದ್ದೆ. ಅವರ ಎಡಗೈ ತೊಪ್ಪಿಯ ಮೇಲೆ ಜಾರಿ 'ಗುಂ' ಎಂದಾಗಲೆಲ್ಲ ನನ್ನ ಎದೆಗೂಡಿನೊಳಗೆ ಏನೋ ಮಿಸುಕಿದಂತಾಗುತ್ತಿತ್ತು. ಅದೇ ಗುಂಗಿನಲ್ಲಿ ಮನೆಗೆ ಬಂದವನು ಮೈಸೂರು ದೊರೆಸ್ವಾಮಿ ಅಯ್ಯಂಗಾರರ ಹಳೆಯ ಧ್ವನಿಮುದ್ರಿಕೆಯೊಂದನ್ನು ಹಾಕಿದೆ. ವೀಣೆ ಪರವಾಗಿಲ್ಲ, ಮೃದಂಗ ಮಾತ್ರ ರಟ್ಟಿನ ಡಬ್ಬಿ ತಟ್ಟಿದಂತೆ. ವಾಲ್ಯೂಮ್ ಏರಿಸಿದೆ. ಡಬ್ಬಿ ದೊಡ್ಡದಾಯಿತೇ ಹೊರತು ಮೃದಂಗವಾಗಲಿಲ್ಲ.

ಸಲಕರಣೆಗಳು 2003ರಲ್ಲಿ ಬೋನಸ್ ಹಣದಲ್ಲಿ ತಂದವು. ಒಂದೊಂದು ಬದಿಗೆ 40 ವ್ಯಾಟ್ ಕೊಡುವ ಆಂಪ್ಲಿಫೈಯರ್, ಕೆಳಗಿನ ಸ್ವರಗಳಿಗೆಂದು 8 ಇಂಚಿನ ವೂಫರ್ ಇರುವ ಎರಡು ಸ್ಪೀಕರ್. ಹಜಾರ 14 ಅಡಿಗೆ 12 ಅಡಿ. ನಾನು ಕೂರುವ ಕುರ್ಚಿಗೂ ಸ್ಪೀಕರಿಗೂ 9 ಅಡಿ. ಸ್ಪೀಕರ್‌ಗಳು ಟಿವಿಯ ಎರಡೂ ಬದಿ, ಶೋಕೇಸಿನ ಖಾನೆಗಳಲ್ಲಿ, ಗೊಂಬೆಗಳ ನಡುವೆ ಇನ್ನೆರಡು ಗೊಂಬೆಗಳಂತೆ ಕೂತಿದ್ದವು.

ಬೆಂಗಳೂರಿನಲ್ಲಿರುವ ನನ್ನ ಭಾವಮೈದುನನಿಗೆ ಫೋನ್ ಮಾಡಿದೆ. ನಮ್ಮ ಬಳಗದಲ್ಲಿ ಈ ವಿಷಯಕ್ಕೆ ಅವನೇ ಪಂಡಿತ. ಅವನು ಎರಡನೇ ಮಾತಿಗೆ ತೀರ್ಪು ಕೊಟ್ಟ: "ಭಾವ, ನಿಮ್ಮ ಸ್ಪೀಕರಿನಲ್ಲಿ ದೋಷವಿಲ್ಲ. ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ, ಅಷ್ಟೆ." ನನ್ನ ಆಂಪ್ಲಿಫೈಯರಿನ ಬೆನ್ನಿನಲ್ಲಿ ಪ್ರೀ-ಔಟ್ ಎಂಬ ಎರಡು ಸಾಕೆಟ್‌ಗಳಿವೆ, ಇಪ್ಪತ್ತು ವರ್ಷದಿಂದ ನಾನು ಅವುಗಳ ಧೂಳು ಮಾತ್ರ ಒರೆಸುತ್ತ ಬಂದಿದ್ದೇನೆ ಎಂಬುದನ್ನೂ ಅವನೇ ನೆನಪಿಸಿದ. ಅಲ್ಲಿಂದ ತಂತಿ ಎಳೆದು 100 ವ್ಯಾಟಿನ ಪವರ್ ಆಂಪ್ಲಿಫೈಯರ್ ಸೇರಿಸಿದರೆ ತೊಪ್ಪಿ ತಾನಾಗಿ ಏಳುತ್ತದಂತೆ. ಬೆಲೆ 38 ಸಾವಿರ.

ಮಗಳ ಪಕ್ಷ ಬೇರೆ. "ಅಪ್ಪ, ಅದೇ ವರ್ಷ ತಂದ ಸ್ಕೂಟರನ್ನು ಮಾರಿಬಿಟ್ಟಿರಿ. ಇವನ್ನೇಕೆ ಇಟ್ಟುಕೊಂಡಿದ್ದೀರಿ? ಹೊಸ ಸ್ಪೀಕರ್ ತನ್ನಿ." ಹೆಂಡತಿಯದು ಮೂರನೆಯ ದಾರಿ: "ರೀ, ಮೊದಲು ಕಿವಿ ತೋರಿಸಿಕೊಂಡು ಬನ್ನಿ." ಅವಳು ಹೇಳಿದ್ದನ್ನೇ ಮೊದಲು ಮಾಡಿದೆ, ಏಕೆಂದರೆ ಅದೇ ಎಲ್ಲಕ್ಕಿಂತ ಅಗ್ಗ. ತೀರ ಮೇಲಿನ ಸ್ವರಗಳು ವಯಸ್ಸಿಗೆ ತಕ್ಕಷ್ಟು ಕುಗ್ಗಿವೆ, ಕೆಳಗಿನವು ಚೆನ್ನಾಗಿವೆ ಎಂದು ವರದಿ ಬಂತು. ತೊಪ್ಪಿ ಕಳೆದುಕೊಂಡದ್ದು ಕಿವಿಯಲ್ಲ.

ಆಮೇಲೆ ಬೆಂಗಳೂರಿನ ಒಂದು ಮಳಿಗೆಗೆ ಹೋದೆ. ಹವಾನಿಯಂತ್ರಿತ ಕೋಣೆ, ನೆಲಕ್ಕೆ ದಪ್ಪ ರತ್ನಗಂಬಳಿ, ಗೋಡೆಗೆ ಬಟ್ಟೆಯ ಹೊದಿಕೆ. ನಮ್ಮ ಹಜಾರದಲ್ಲಿರುವುದು ಟೈಲ್ಸ್ ನೆಲ ಮತ್ತು ಸುಣ್ಣದ ಗೋಡೆ. ಮಾರುವ ಹುಡುಗ 45 ಸಾವಿರದ ಜೋಡಿಯನ್ನು ನುಡಿಸುವಾಗ ಗುಂಡಿಯನ್ನು ಒಂದು ಗೆರೆ ಮುಂದಕ್ಕೆ ತಿರುಗಿಸಿದ್ದು ನನ್ನ ಕಣ್ಣಿಗೆ ಬಿತ್ತು. ಎರಡು ಸದ್ದುಗಳಲ್ಲಿ ಒಂದಿಷ್ಟೇ ಜೋರಾಗಿರುವುದು ನಮ್ಮ ಕಿವಿಗೆ 'ಜೋರು' ಎನಿಸುವುದಿಲ್ಲ, 'ಚೆನ್ನ' ಎನಿಸುತ್ತದೆ. ಹುಡುಗನಿಗೆ ಅದು ಗೊತ್ತಿತ್ತು. ನನಗೂ ಗೊತ್ತಿತ್ತು, ಆದರೂ ಜೇಬಿಗೆ ಕೈ ಹೋಗಿತ್ತು. ಮನೆಯಲ್ಲಿ ಕೇಳಿಬರುತ್ತೇನೆ ಎಂದು ಹೇಳಿ ಹೊರಬಿದ್ದೆ.

ರೈಲಿನಲ್ಲಿ ಬರುವಾಗ ಟಿಕೆಟಿನ ಹಿಂದೆ ಲೆಕ್ಕ ಹಾಕಿದೆ. ಶಕ್ತಿ ಎರಡು ಪಟ್ಟಾದರೆ ಸದ್ದಿನ ಅಳತೆಯಲ್ಲಿ ಏರುವುದು 3 ಡೆಸಿಬಲ್. ಕೇಳುವವನಿಗೆ 'ಎರಡರಷ್ಟು ಜೋರು' ಎನಿಸಲು ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ. 40 ವ್ಯಾಟಿನಿಂದ 100 ವ್ಯಾಟಿಗೆ ಹೋದರೆ ಸಿಗುವುದು ಬರೀ 4 ಡೆಸಿಬಲ್. ಅದೂ ನಾನು ಆಂಪ್ಲಿಫೈಯರನ್ನು ಅದರ ತುದಿಯವರೆಗೆ ದುಡಿಸುತ್ತಿದ್ದರೆ ಮಾತ್ರ. ದುಡಿಸುತ್ತಿದ್ದೇನೆಯೇ? ಬಸವನ ಬೆನ್ನಿಗೆ ಎಷ್ಟು ಹೇರಿದ್ದೇವೆ ಎಂದು ನೋಡದೆ ಇನ್ನೊಂದು ಬಸವನನ್ನು ಕೊಳ್ಳಲು ಹೊರಟಂತಾಗಿತ್ತು ನನ್ನ ಸ್ಥಿತಿ.

ಅದನ್ನು ಅಳೆಯಬಹುದು. ಅದಕ್ಕೆ ಬೇಕಾದದ್ದು ಬಲ್ಬು ಹೋಲ್ಡರ್ ನೋಡಲೆಂದು ತಂದಿದ್ದ 350 ರೂಪಾಯಿಯ ಮಲ್ಟಿಮೀಟರ್, ಅಷ್ಟೆ.

ಮಾಡಿದ್ದು ಹೀಗೆ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ಉಚಿತ ತಂತ್ರಾಂಶದಿಂದ 100 ಹರ್ಟ್ಸಿನ, ಅಂದರೆ ಸೆಕೆಂಡಿಗೆ ನೂರು ಸಲ ಕಂಪಿಸುವ, ಏಕಸ್ವರವೊಂದನ್ನು ತಯಾರಿಸಿದೆ. ಅದರ ಎತ್ತರವನ್ನು 0.25 ಎಂದು ಇಟ್ಟೆ. ಧ್ವನಿಮುದ್ರಣದಲ್ಲಿ ತುಂಬಬಹುದಾದ ಗರಿಷ್ಠ ಮಟ್ಟದ ಕಾಲು ಭಾಗ ಅದು, ಡೆಸಿಬಲ್ ಲೆಕ್ಕದಲ್ಲಿ 12 ಕಡಿಮೆ. ಆಮೇಲೆ ತನಿ ಆವರ್ತನವೊಂದನ್ನು, ಅಂದರೆ ಕಚೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗವನ್ನು, ಹಾಕಿ, ನಾನು ಎಂದೂ ಇದಕ್ಕಿಂತ ಜೋರಾಗಿ ಕೇಳುವುದಿಲ್ಲ ಎನ್ನುವವರೆಗೆ ಏರಿಸಿದೆ. ಮಗಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಮಟ್ಟ ಸರಿಯಾಗಿದೆ ಎಂದಾಯಿತು. ಗುಂಡಿ ಮುಟ್ಟದೆ ಸಂಗೀತ ನಿಲ್ಲಿಸಿ ಏಕಸ್ವರವನ್ನು ಹಾಕಿದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಹಜಾರಕ್ಕೇ ಬಂದು ಕೂತ ಹಾಗಾಯಿತು. ಹಾಗಾಗದೆ ಇನ್ನೇನು, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವುದೂ 100 ಹರ್ಟ್ಸಿನಲ್ಲೇ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಸ್ಪೀಕರ್ ತಂತಿಯ ಕೆಂಪು ಕಪ್ಪು ತುದಿಗಳಿಗೆ ಅದರ ಎರಡು ಮೊನೆಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟೆ. ತಾಗಿದರೆ ಆಂಪ್ಲಿಫೈಯರ್ ಸುಟ್ಟೀತು. ಆಗ ಆಯ್ಕೆಯ ಕಷ್ಟವೇ ಇರುವುದಿಲ್ಲ.

2.1 ವೋಲ್ಟ್.

ಮುದ್ರಣ ತನ್ನ ಗರಿಷ್ಠ ಮಟ್ಟ ಮುಟ್ಟಿದಾಗ ಇದರ ನಾಲ್ಕು ಪಟ್ಟು, 8.4 ವೋಲ್ಟ್. ಅದರ ವರ್ಗವನ್ನು ಸ್ಪೀಕರಿನ ವಿದ್ಯುತ್ ತಡೆಯಾದ 8 ಓಮಿನಿಂದ ಭಾಗಿಸಿದರೆ 8.8 ವ್ಯಾಟ್. ಸ್ಪೀಕರಿನ ಓಮ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ, ಕೆಲವೆಡೆ 5ಕ್ಕೂ ಇಳಿಯಬಹುದು. ಆಗಲೂ 14 ವ್ಯಾಟ್. ಅಂದರೆ, ಮನೆಯವರು ಬಾಗಿಲು ಮುಚ್ಚಿಕೊಳ್ಳುವಷ್ಟು ಜೋರಾಗಿ, ತನಿಯ ತುತ್ತತುದಿಯಲ್ಲಿ, ಒಂದು ಕ್ಷಣದ ಮಟ್ಟಿಗೆ, ನಾನು ಖರ್ಚು ಮಾಡುತ್ತಿದ್ದುದು ಹೆಚ್ಚೆಂದರೆ ಹದಿನಾಲ್ಕು. ಉಳಿದ ಇಪ್ಪತ್ತಾರು ವ್ಯಾಟ್ ಇಪ್ಪತ್ತು ವರ್ಷದಿಂದ ಪೆಟ್ಟಿಗೆಯೊಳಗೆ ಸುಮ್ಮನೆ ಮಲಗಿತ್ತು.

ಭಾವಮೈದುನನಿಗೆ ಹೇಳಿದೆ. ಅವನು ಒಪ್ಪಲಿಲ್ಲ. "ಲೆಕ್ಕ ಬೇರೆ, ಕಿವಿ ಬೇರೆ ಭಾವ. ನನ್ನ ಮನೆಯಲ್ಲಿ ಹಗಲು ರಾತ್ರಿಯ ವ್ಯತ್ಯಾಸವಾಯಿತು." ಅವನ ಅನುಭವ ಸುಳ್ಳಲ್ಲ ಎಂದು ಈಗ ಅನಿಸುತ್ತದೆ. ಅವನ ಸ್ಪೀಕರ್ 4 ಓಮಿನದು, ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 84 ಡೆಸಿಬಲ್ ಮಾತ್ರ ಕೊಡುವಂಥದ್ದು. ನನ್ನದರ ಬೆನ್ನಿನ ಮೇಲೆ 89 ಎಂದು ಅಚ್ಚಾಗಿದೆ. ಆ ಐದು ಡೆಸಿಬಲ್ಲಿಗೇ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚು ಬೇಕು. ಜೊತೆಗೆ ಅವನ ಹಜಾರ ನಮ್ಮದರ ಎರಡರಷ್ಟು. ಅಂಥ ಮನೆಯಲ್ಲಿ ಸಣ್ಣ ಆಂಪ್ಲಿಫೈಯರ್ ತುದಿ ಮುಟ್ಟಿ, ಅಲೆಯ ನೆತ್ತಿ ಕತ್ತರಿಸಿಹೋಗಿ, ಸದ್ದು ಒರಟಾಗುತ್ತದೆ. ಅವನಿಗೆ ಬೇಕಾದ ಔಷಧವನ್ನು ಅವನು ನನಗೂ ಬರೆದುಕೊಟ್ಟಿದ್ದ.

ಆದರೂ ಹಟ. ಮುಂದಿನ ಶನಿವಾರ ಕಾರಿನ ಡಿಕ್ಕಿಯಲ್ಲಿ ಪವರ್ ಆಂಪ್ಲಿಫೈಯರನ್ನೂ, ಮಲಗುವ ಕೋಣೆಗೆಂದು ಇಟ್ಟುಕೊಂಡಿದ್ದ 5 ಇಂಚಿನ ಪುಟ್ಟ ಸ್ಪೀಕರ್‌ಗಳನ್ನೂ ಹಾಕಿಕೊಂಡು ಮೈಸೂರಿಗೆ ಬಂದುಬಿಟ್ಟ. ಮೊದಲು ಆಂಪ್ಲಿಫೈಯರ್ ಸೇರಿಸಿದೆವು. ಗುಂಡಿ ಅಲ್ಲೇ ಇದ್ದರೂ ಸದ್ದು ಗಂಭೀರವಾಯಿತು, ತುಂಬಿತು. "ನೋಡಿದಿರಾ?" ಎಂದ. ನನ್ನ ಮುಖ ಸಣ್ಣದಾಯಿತು. ಮತ್ತೆ ಏಕಸ್ವರ ಹಾಕಿ ಮೀಟರ್ ಇಟ್ಟೆ: 2.1 ಇದ್ದದ್ದು 2.7. ಅವನ ಆಂಪ್ಲಿಫೈಯರ್ ಅದೇ ಸಂಕೇತವನ್ನು ಹೆಚ್ಚು ದೊಡ್ಡದು ಮಾಡುತ್ತಿತ್ತು, ಅಷ್ಟೆ. ಮಳಿಗೆಯ ಹುಡುಗನ ಗೆರೆಯೇ ಇದು. ಗುಂಡಿ ಇಳಿಸಿ 2.1ಕ್ಕೆ ತಂದು ಮತ್ತೆ ಕೇಳಿದೆವು. ರಟ್ಟಿನ ಡಬ್ಬಿ ವಾಪಸು ಬಂತು.

ಆಮೇಲೆ ನನ್ನ ಹಳೆಯ ಆಂಪ್ಲಿಫೈಯರಿಗೆ ಅವನ ಪುಟ್ಟ ಸ್ಪೀಕರ್‌ಗಳನ್ನು ಹಚ್ಚಿದೆವು. ಐದು ಇಂಚಿನ ಆ ಕುಳ್ಳ ಜೋಡಿಯಿಂದ, ಎಂಟು ಇಂಚಿನ ನನ್ನವುಗಳಿಂದ ಬಾರದ 'ಗುಂ' ಬಂತು. ದೊಡ್ಡದೇನಲ್ಲ, ಆದರೆ ಅದು ಚರ್ಮದ ಸದ್ದು, ರಟ್ಟಿನದಲ್ಲ. ಇಬ್ಬರೂ ಮಾತಾಡಲಿಲ್ಲ. ಅಡುಗೆಮನೆಯಿಂದ ಹೆಂಡತಿ ಬಂದು, "ಇದು ಯಾವುದು? ಇದೇ ಇರಲಿ," ಎಂದಳು.

ಹಾಗಾದರೆ ಸ್ಪೀಕರ್ ಬದಲಾಯಿಸುವುದೇ ಸರಿ ಎಂದು ಮಗಳು ಗೆದ್ದಂತಾಯಿತು. ಇನ್ನೇನು ಹಳೆಯವನ್ನು ಮೂಟೆ ಕಟ್ಟಬೇಕು, ಒಂದರ ಮುಂಭಾಗದ ಕಪ್ಪು ಬಟ್ಟೆಯ ಚೌಕಟ್ಟು ಸಡಿಲವಾಗಿ ಕೈಗೇ ಬಂತು. ಇಪ್ಪತ್ತು ವರ್ಷದಲ್ಲಿ ನಾನು ಅದನ್ನು ತೆಗೆದು ನೋಡಿದವನಲ್ಲ. ಹಿಂದೆ ಮುಂದೆ ಅಲುಗಿ ಸದ್ದು ಹೊರಡಿಸುವ ಕೋನಿನ ಸುತ್ತ, ಅದನ್ನು ಲೋಹದ ಚೌಕಟ್ಟಿಗೆ ಹಿಡಿದಿಡುವ ಫೋಮಿನ ಉಂಗುರ ಇರುತ್ತದೆ. ಅಲ್ಲಿ ಉಂಗುರದ ಅರ್ಧ ಮಾತ್ರ ಇತ್ತು. ಬೆರಳಿಂದ ಮುಟ್ಟಿದೆ. ಹಳೆಯ ಬೆಲ್ಲದ ಪುಡಿಯ ಹಾಗೆ ಉದುರಿತು, ಬೆರಳಿಗೆ ಅಂಟಿಕೊಂಡಿತು. ಇನ್ನೊಂದು ಸ್ಪೀಕರಿನದು ನೋಡಲು ಇಡಿಯಾಗಿತ್ತು, ಕೋನನ್ನು ಮೆಲ್ಲಗೆ ಒತ್ತಿದೊಡನೆ ಅದೂ ಸುತ್ತಲೂ ಬಿರಿಯಿತು. ಭಾವಮೈದುನ ಟಾರ್ಚ್ ಹಿಡಿದುಕೊಂಡು, "ಅಯ್ಯೋ ಭಾವ, ಇದು ಹಸಿವಲ್ಲ, ಹೊಟ್ಟೆಯೇ ಇಲ್ಲ," ಎಂದ.

ಪಾಲಿಯುರೆಥೇನ್ ಫೋಮಿನ ಹಣೆಬರಹವೇ ಅದು. ಗಾಳಿಯ ತೇವಕ್ಕೇ ಅದು ಒಳಗಿಂದ ಕಳಚುತ್ತ ಹೋಗುತ್ತದೆ. ನುಡಿಸಿದರೂ ಅಷ್ಟೆ, ಬಟ್ಟೆ ಮುಚ್ಚಿಟ್ಟರೂ ಅಷ್ಟೆ, ಹದಿನೈದು ಇಪ್ಪತ್ತು ವರ್ಷಕ್ಕೆ ಮುಗಿಯಿತು. ರಬ್ಬರಿನ ಉಂಗುರವಾದರೆ ಹೀಗೆ ಬೇಗ ಸೋಲುವುದಿಲ್ಲ. ಉಂಗುರ ಹೋದರೆ ಕೋನಿನ ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ತಡೆ ಇರುವುದಿಲ್ಲ. ಕೋನ್ ಮುಂದಕ್ಕೆ ತಳ್ಳಿದ ಅಲೆ, ಹಿಂದೆ ಎಳೆದ ಅಲೆಯ ಜೊತೆ ಸೇರಿ ಅಲ್ಲೇ ಸೊನ್ನೆಯಾಗುತ್ತದೆ. ಮೊದಲು ಸಾಯುವುದು ಕೆಳಗಿನ ಸ್ವರಗಳು. ಇದಕ್ಕೆ ನೂರು ವ್ಯಾಟ್ ಸುರಿದಿದ್ದರೆ ತೂತು ಕೊಡಕ್ಕೆ ಇನ್ನೂ ಜೋರಾಗಿ ನಲ್ಲಿ ಬಿಟ್ಟಂತೆ ಆಗುತ್ತಿತ್ತು. ಉಳಿದಿದ್ದ ವಾಯ್ಸ್ ಕಾಯಿಲೂ, ಅಂದರೆ ಕೋನನ್ನು ಅಲುಗಿಸುವ ತಂತಿಯ ಸುರುಳಿಯೂ, ಕೆಡುತ್ತಿತ್ತು.

ಸಂತೇಪೇಟೆಯಲ್ಲಿ ರೇಡಿಯೋ ರಿಪೇರಿಯ ಕಾಲದಿಂದ ಕೂತಿರುವ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಎರಡು ಹೆಬ್ಬೆರಳುಗಳಿಂದ ಕೋನನ್ನು ಒಂದೇ ಸಮ ಒತ್ತಿ, ಕಿವಿ ಹತ್ತಿರ ತಂದು ಕೇಳಿದರು. "ಕಾಯಿಲ್ ಉಜ್ಜುತ್ತಿಲ್ಲ ಸ್ವಾಮಿ. ಕೋನ್ ಗಟ್ಟಿ ಇದೆ. ಫೋಮ್ ಹಾಕಿಸಿ, ಇನ್ನೊಂದು ಮದುವೆ ಮಾಡಬಹುದು." ಕೂರಿಸಲು ಅವರ ಬಳಿ ಆ ಅಳತೆಯ ಫೋಮ್ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ನೀವೇ ಅಂಟಿಸಿಕೊಳ್ಳಿ ಎಂದು ಬಾಯಲ್ಲೇ ಪಾಠ ಮಾಡಿ ಕಳಿಸಿದರು.

ಮೊದಲ ತಪ್ಪು ಅಲ್ಲೇ ಮಾಡಿದೆ. '8 ಇಂಚಿನದು' ಎಂದು ಕೇಳಿ 700 ರೂಪಾಯಿಗೆ ಒಂದು ಜೋಡಿ ತಂದೆ. ಎಂಟು ಇಂಚು ಎಂಬುದು ಚೌಕಟ್ಟಿನ ಹೆಸರು ಮಾತ್ರ. ಕೋನಿನ ಅಂಚು ಒಂದೊಂದು ತಯಾರಿಕೆಯಲ್ಲಿ ಒಂದೊಂದು. ತಂದ ಉಂಗುರ ಕೋನಿನ ಮೇಲೆ ಕೂರದೆ ಅರ್ಧ ಇಂಚು ಗಾಳಿಯಲ್ಲಿ ನಿಂತಿತು. ಎರಡನೆಯ ಸಲ ಕೋನಿನ ವ್ಯಾಸ, ಫೋಮಿನ ಉಬ್ಬಿನ ಒಳ ಅಂಚು, ಹೊರ ಅಂಚು, ಚೌಕಟ್ಟಿನ ಹೊರ ವ್ಯಾಸ, ನಾಲ್ಕನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋದೆ.

ಅಂಟಿಸುವ ಕೆಲಸಕ್ಕೆ ಎರಡು ಭಾನುವಾರ ಹಿಡಿಯಿತು. ಹಳೆಯ ಫೋಮಿನ ಅಂಟು ಬಿಡಿಸುವುದೇ ಮೊದಲ ಭಾನುವಾರ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಅಂಚನ್ನು ನೆನೆಸಿ, ಬೆಣ್ಣೆ ಸವರುವ ಮೊಂಡು ಚಾಕುವಿನಿಂದ ಕೆರೆದು, ಮತ್ತೆ ಒರೆಸಿ, ಮತ್ತೆ ಕೆರೆದು. ಕಾಗದದ ಕೋನ್, ಸ್ವಲ್ಪ ಅವಸರ ಮಾಡಿದರೆ ಹರಿಯುತ್ತದೆ. ಅಂಟು ಬೇಗ ಒಣಗುವಂಥದ್ದು ಆಗಬಾರದು, ಬಡಗಿಗಳು ಬಳಸುವ ಬಿಳಿ ಅಂಟೇ ಸಾಕು ಎಂದಿದ್ದರು ಹಿರಿಯರು. ಏಕೆಂದರೆ ಅಂಟು ಹಸಿಯಿರುವಾಗ ಕೋನನ್ನು ನಟ್ಟನಡುವಿಗೆ ತರಬೇಕು. ಕೋನಿನ ಹಿಂದಿರುವ ತಂತಿಯ ಸುರುಳಿ ಅಯಸ್ಕಾಂತದ ಕೂದಲೆಳೆಯ ಸಂದಿನಲ್ಲಿ ಓಡಾಡುತ್ತದೆ; ಒಂದಿಷ್ಟು ವಾಲಿದರೂ ಗೋಡೆಗೆ ಉಜ್ಜುತ್ತದೆ.

ನಡುವಿಗೆ ತರಲು ಅವರು ಹೇಳಿಕೊಟ್ಟ ಉಪಾಯ ನನಗೆ ಬಹಳ ಹಿಡಿಸಿತು. ಸ್ಪೀಕರಿಗೆ 30 ಹರ್ಟ್ಸಿನ ತೀರ ಕೆಳಗಿನ ಸ್ವರವನ್ನು ಮೆಲ್ಲಗೆ ಕೊಡಬೇಕು. ಸದ್ದೇ ಕೇಳಿಸುವುದಿಲ್ಲ, ಕೋನ್ ಮಾತ್ರ ನಿದ್ದೆ ಹೋದ ಮಗುವಿನ ಹೊಟ್ಟೆಯಂತೆ ಏರಿಳಿಯುತ್ತದೆ. ಎಲ್ಲಾದರೂ ಉಜ್ಜಿದರೆ 'ಚರ್ ಚರ್' ಎನ್ನುತ್ತದೆ. ಆಗ ಬೆರಳಿನಿಂದ ಫೋಮನ್ನು ಒಂದು ಬದಿಗೆ ತುಸು ಸರಿಸಿ, ಸದ್ದು ಅಡಗುವವರೆಗೆ ಹುಡುಕುತ್ತ ಹೋಗಬೇಕು. ಎಡದ ಸ್ಪೀಕರ್ ಐದು ನಿಮಿಷಕ್ಕೆ ಒಲಿಯಿತು. ಬಲದ್ದು ಮುಕ್ಕಾಲು ಗಂಟೆ ಕಾಡಿತು. ಒಲಿಯಿತು ಎಂದುಕೊಂಡು ರಾತ್ರಿಯಿಡೀ ಒಣಗಿಸಿದರೆ ಬೆಳಿಗ್ಗೆ ಮತ್ತೆ ಚರ್ ಎಂದಿತು. ಒದ್ದೆ ಮಾಡಿ, ಕಿತ್ತು, ಮತ್ತೆ ಅಂಟಿಸಿದೆ.

ಎಲ್ಲ ಜೋಡಿಸಿ ಹಾಕಿದಾಗ ಇನ್ನೊಂದು ಆಘಾತ. ಒಂದೊಂದು ಸ್ಪೀಕರನ್ನೇ ಕೇಳಿದರೆ ತೊಪ್ಪಿ ಇದೆ. ಎರಡನ್ನೂ ಸೇರಿಸಿದರೆ ಮಾಯ. ಮಗಳು ಒಂದರ ವೂಫರ್ ಬಿಚ್ಚಿಸಿ ನೋಡಿ, "ಅಪ್ಪ, ಕೆಂಪು ತಂತಿ ಕಪ್ಪಿಗೆ ಹೋಗಿದೆಯಲ್ಲ," ಎಂದಳು. ಪೆಟ್ಟಿಗೆಯ ಒಳಗೆ, ವೂಫರಿನ ತುದಿಗಳಲ್ಲೇ ಅದಲುಬದಲಾಗಿತ್ತು. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗಿ ಒಂದನ್ನೊಂದು ಕೊಲ್ಲುತ್ತಿದ್ದವು. ಸರಿಪಡಿಸಿದ ಮೇಲೂ ಸಮಾಧಾನವಾಗದೆ ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಬ್ಯಾಟರಿಯನ್ನು ತೆಗೆದು ಎರಡಕ್ಕೂ ಮುಟ್ಟಿಸಿದೆ. ಎರಡೂ 'ಟಪ್' ಎಂದು ಒಟ್ಟಿಗೆ ಮುಂದಕ್ಕೆ ನೆಗೆದವು. ಗಡಿಯಾರ ಮಾತ್ರ ಆ ದಿನ ಇಪ್ಪತ್ತು ನಿಮಿಷ ಹಿಂದೆ ಬಿತ್ತು.

ಸ್ಪೀಕರ್‌ಗಳನ್ನು ಮತ್ತೆ ಶೋಕೇಸಿನೊಳಗೆ ತುರುಕಲು ಮನಸ್ಸು ಬರಲಿಲ್ಲ. ಖಾನೆಯೊಳಗೆ ಇದ್ದಾಗ ಕೆಳಗಿನ ಸ್ವರಗಳು ಹಲಗೆಗಳ ನಡುವೆ ಊದಿಕೊಂಡು ಎಲ್ಲವೂ ಒಂದೇ ಸ್ವರವಾಗುತ್ತಿತ್ತು. ಬಡಗಿಯಿಂದ ಎರಡು ಅಡಿ ಎತ್ತರದ ಎರಡು ಸ್ಟ್ಯಾಂಡ್ ಮಾಡಿಸಿ, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕುಳಿತವನ ಕಿವಿಯ ಮಟ್ಟಕ್ಕೆ ಬರುವಂತೆ, ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಟ್ಟೆ. ಗುಡಿಸಲು ಅಡ್ಡ ಬರುತ್ತದೆ ಎಂಬ ದೂರು ಇಂದಿಗೂ ಇದೆ, ಅದು ನ್ಯಾಯವಾದ ದೂರು.

ಆಂಪ್ಲಿಫೈಯರಿನ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ರೋಗಿಷ್ಠ ಸ್ಪೀಕರಿನಲ್ಲಿ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲ ಎಂದು ಭಾವಮೈದುನ ತಕರಾರು ತೆಗೆದಿದ್ದ. ಮಾತು ಸರಿಯಾಗಿತ್ತು. ಯುಗಾದಿಗೆ ಬಂದಾಗ ಮತ್ತೆ ಕೂತೆವು. ಮೀಟರಿನಲ್ಲಿ ಎರಡರ ಮಟ್ಟವನ್ನೂ ಒಂದೇ ಮಾಡಿ, ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಅವನ ಅಕ್ಕನ ಕೈಯಲ್ಲಿ ತಂತಿ ಬದಲಾಯಿಸುವ ಕೆಲಸ ಕೊಟ್ಟೆವು. ಹತ್ತು ಸಲದಲ್ಲಿ ಅವನು ಆರು ಸಲ ಸರಿಯಾಗಿ ಹೇಳಿದ, ನಾನು ನಾಲ್ಕು. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. "ನಿಮ್ಮ ಹಜಾರಕ್ಕೆ ಸಾಕು ಬಿಡಿ ಭಾವ," ಎಂದು ಹೋಳಿಗೆಗೆ ಕೈ ಹಾಕಿದ. ಪವರ್ ಆಂಪ್ಲಿಫೈಯರ್ ಅದೇ ಡಿಕ್ಕಿಯಲ್ಲಿ ಬೆಂಗಳೂರಿಗೆ ಮರಳಿತು.

ಹಾಗೆಂದು ನನ್ನ ಸ್ಪೀಕರ್ ಆ 45 ಸಾವಿರದ ಜೋಡಿಯ ಸಮಕ್ಕೆ ಬಂತು ಎಂದು ಹೇಳುವುದಿಲ್ಲ. ವೀಣೆಯ ಮೀಟು ಅಲ್ಲಿ ಇನ್ನೂ ಹರಿತವಾಗಿತ್ತು. ಮುಂದೆ ಹಣ ಹಾಕುವುದಾದರೆ ಸ್ಪೀಕರಿಗೇ ಹಾಕುತ್ತೇನೆ; ತನ್ನ ಮಿತಿಯೊಳಗೆ ದುಡಿಯುವ ಆಂಪ್ಲಿಫೈಯರ್‌ಗಳು ಒಂದರಂತೆ ಇನ್ನೊಂದು, ಸ್ಪೀಕರ್‌ಗಳು ಮಾತ್ರ ಮನುಷ್ಯರ ಹಾಗೆ ಒಂದೊಂದು ಒಂದೊಂದು ಥರ. ಸದ್ಯಕ್ಕೆ ಎರಡು ಜೋಡಿ ಫೋಮು, ಅಂಟು, ಸ್ಟ್ಯಾಂಡು, ಎಸ್.ಪಿ. ರಸ್ತೆಗೆ ಎರಡು ಸಲದ ರೈಲು ಚಾರ್ಜು ಎಲ್ಲ ಸೇರಿ ನಾಲ್ಕೂವರೆ ಸಾವಿರದಲ್ಲಿ ಮುಗಿದಿದೆ.

ಒಂದು ಉಪದ್ರವ ಮಾತ್ರ ಹೊಸದಾಗಿ ಬಂದಿದೆ. ತೊಪ್ಪಿ ಜಾರಿದಾಗಲೆಲ್ಲ ಶೋಕೇಸಿನ ಜಾರುಗಾಜು 'ಝಲ್' ಎನ್ನುತ್ತಿತ್ತು. ಮೊದಲೆರಡು ದಿನ ಮತ್ತೆ ಕಾಯಿಲೇ ಉಜ್ಜುತ್ತಿದೆ ಎಂದು ಹೆದರಿ ಸ್ಕ್ರೂಡ್ರೈವರ್ ಹಿಡಿದಿದ್ದೆ. ಕೊನೆಗೆ ಏಕಸ್ವರವನ್ನು ಮೆಲ್ಲಮೆಲ್ಲಗೆ ಏರಿಸುತ್ತ ಹೋಗಿ, ಅದು ಝಲ್ಲೆನ್ನುವ ಜಾಗವನ್ನು 62 ಹರ್ಟ್ಸಿನಲ್ಲಿ ಹಿಡಿದೆ. ಅಳತೆ ತಪ್ಪಿ ತಂದಿದ್ದ ಆ 700 ರೂಪಾಯಿಯ ಫೋಮಿನ ಉಂಗುರ ಮೇಜಿನ ಡ್ರಾಯರಿನಲ್ಲೇ ಇತ್ತು. ಎರಡು ಬೆರಳಗಲ ಕತ್ತರಿಸಿ ಗಾಜಿನ ಸಂದಿಗೆ ಸಿಕ್ಕಿಸಿದ್ದೇನೆ.